ಟ್ರ್ಯಾಕಿನ ಪಕ್ಕ ನಿಂತು ‘ನಿಧಾನ’ ಅನ್ನಬೇಡಿ

ಮಗು ಸೈಕಲ್ ಹತ್ತಿದ ಕೂಡಲೇ ನಮ್ಮ ಬಾಯಿಂದ ಬರುವ ಮೊದಲ ಮಾತು ‘ನಿಧಾನ ಕಣೋ’. ಬೀದಿಯಲ್ಲಿ ಸರಿ, ವೆಲೊಡ್ರೋಮಿನಲ್ಲಿ, ಅಂದರೆ ತಿರುವುಗಳು ಹೊರಬದಿಗೆ ಏರುತ್ತಾ ಹೋಗುವ ಸೈಕಲ್ ಓಟದ ಟ್ರ್ಯಾಕಿನಲ್ಲಿ, ಇದರಷ್ಟು ಗೊಂದಲ ಮಾಡುವ ಮಾತು ಇನ್ನೊಂದಿಲ್ಲ. ಟ್ರ್ಯಾಕ್ ಸೈಕಲ್ಲಿಗೆ ಬ್ರೇಕ್ ಇಲ್ಲ, ಕಾಲು ನಿಲ್ಲಿಸಿದರೂ ಚಕ್ರ ಉರುಳಲು ಬಿಡುವ ಫ್ರೀವೀಲೂ ಇಲ್ಲ. ಚಕ್ರ ತಿರುಗುವಷ್ಟು ಹೊತ್ತೂ ಪೆಡಲ್ ತಿರುಗುತ್ತದೆ. ‘ನಿಧಾನ’ ಎಂದು ಕೂಗಿದರೆ ಮಗು ರೂಢಿಯಂತೆ ಕಾಲು ನಿಲ್ಲಿಸುತ್ತದೆ. ಪೆಡಲ್ ನಿಲ್ಲುವುದಿಲ್ಲ, ಕಾಲನ್ನು ಮೇಲಕ್ಕೆ ಎತ್ತಿ ಒಗೆಯುತ್ತದೆ. ಮೊದಲ ದಿನ ಮಕ್ಕಳು ಬೀಳುವುದು ಹೆಚ್ಚಾಗಿ ಹೀಗೇ. ಕೂಗಲೇಬೇಕೆನಿಸಿದರೆ ‘ತುಳೀತಾ ಇರು’ ಅನ್ನಿ.

ಲಂಡನ್ನಿನಲ್ಲಿರುವ ಕನ್ನಡದ ಕುಟುಂಬಗಳಿಗೆ ಟ್ರ್ಯಾಕ್ ಸೈಕ್ಲಿಂಗ್ ಶುರುಮಾಡಲು ಹರ್ನ್ ಹಿಲ್ ಒಳ್ಳೆಯ ಜಾಗ. 1891ರಲ್ಲಿ ತೆರೆದ ಬಯಲು ಟ್ರ್ಯಾಕ್ ಇದು. 1948ರ ಒಲಿಂಪಿಕ್ಸಿನ ಟ್ರ್ಯಾಕ್ ಸೈಕ್ಲಿಂಗ್ ನಡೆದದ್ದು ಇಲ್ಲೇ. ಸುತ್ತಳತೆ ಸುಮಾರು 450 ಮೀಟರ್, ತಿರುವಿನ ಓರೆ ಸುಮಾರು 18 ಡಿಗ್ರಿ. ಪೂರ್ವ ಲಂಡನ್ನಿನ ಲೀ ವ್ಯಾಲಿಯ ಮರದ ಹಲಗೆಯ ಟ್ರ್ಯಾಕ್ 250 ಮೀಟರಿನದು, ಓರೆ 42 ಡಿಗ್ರಿ ಮುಟ್ಟುತ್ತದೆ. ಆ ಗೋಡೆಯಂಥ ತಿರುವಿನಲ್ಲಿ ವೇಗ ಕಮ್ಮಿಯಾದರೆ ಟೈರ್ ಜಾರಿ ಸವಾರ ಕೆಳಗಿಳಿಯುತ್ತಾನೆ. 18 ಡಿಗ್ರಿಯಲ್ಲಿ, ನೆಲ ಒಣಗಿದ್ದರೆ, ಮೆಲ್ಲಗೆ ಹೋದರೂ ಟೈರ್ ಹಿಡಿದುಕೊಳ್ಳುತ್ತದೆ. ತಪ್ಪು ಮಾಡಿ ಕಲಿಯಲು ಅವಕಾಶವಿದೆ. ಮಳೆ ಬಂದರೆ ಮಾತ್ರ ಆಸೆ ಬಿಡಬೇಕು.

ಒಂದು ಕೈ ಬಿಟ್ಟು ಓಡಿಸಲು, ಹ್ಯಾಂಡಲ್ ಅಲ್ಲಾಡಿಸದೆ ಬಲಭುಜದ ಮೇಲಿಂದ ಹಿಂದೆ ನೋಡಲು ಮಗುವಿಗೆ ಬರುತ್ತದೆಯೇ ಎಂದು ಮನೆ ಹತ್ತಿರವೇ ಪರೀಕ್ಷಿಸಿಕೊಳ್ಳಿ. ಟ್ರ್ಯಾಕಿನಲ್ಲಿ ಎಲ್ಲರೂ ಎಡಕ್ಕೆ ತಿರುಗುತ್ತಾ ಸುತ್ತುತ್ತಾರೆ, ಮುಂದಿನವರನ್ನು ದಾಟುವುದು ಬಲಗಡೆಯಿಂದ, ಅಂದರೆ ಮೇಲಿನಿಂದ. ಹಿಂದೆ ನೋಡದೆ ಮೇಲಕ್ಕೆ ಸರಿದರೆ ದಾಟಲು ಬಂದವನ ಚಕ್ರಕ್ಕೇ ಅಡ್ಡ. ಹಿಂದಿನಿಂದ ‘ಸ್ಟೇ’ ಎಂಬ ಕೂಗು ಕೇಳಿದರೆ ಗಾಬರಿಯಾಗಿ ಪಕ್ಕಕ್ಕೆ ಸರಿಯಬಾರದು, ಇದ್ದ ಗೆರೆಯಲ್ಲೇ ಹೋಗಬೇಕು. ದಾರಿ ಬಿಡುವ ನಮ್ಮ ಸೌಜನ್ಯ ಇಲ್ಲಿ ಅಪಾಯ.

ಹೆಲ್ಮೆಟ್, ಬೆರಳು ಮುಚ್ಚುವ ಗ್ಲೌಸ್, ಮೈಗಂಟುವ ಬಟ್ಟೆ ಸಾಕು. ಶೂ ಲೇಸಿನ ತುದಿಯನ್ನು ಒಳಗೆ ಸಿಕ್ಕಿಸಿ. ಫ್ರೀವೀಲ್ ಇಲ್ಲದ ಸೈಕಲ್ಲಿನಲ್ಲಿ ಲೇಸ್ ಸುತ್ತಿಕೊಂಡರೆ ನಿಲ್ಲುವುದು ಕಾಲೇ, ಚಕ್ರವಲ್ಲ. ಸೀಟಿನ ಎತ್ತರ ನೋಡಲು ಹಿಮ್ಮಡಿಯನ್ನು ಕೆಳಗಿನ ಪೆಡಲ್ ಮೇಲಿಡಿಸಿ, ಕಾಲು ನೆಟ್ಟಗಾದರೆ ಸರಿ. ಚೈನನ್ನು ನಡುವೆ ಬೆರಳಿಂದ ಒತ್ತಿದಾಗ ಒಂದು ಸೆಂಟಿಮೀಟರಿನಷ್ಟು ಆಡಬೇಕು. ಅದಕ್ಕಿಂತ ಸಡಿಲವಿದ್ದರೆ ಕಳಚಿಕೊಳ್ಳುವ ಭಯ. ಒತ್ತಿ ನೋಡುವಾಗ ಚಕ್ರ ಪೂರ್ತಿ ನಿಂತಿರಲಿ. ಎತ್ತಿ ನಿಲ್ಲಿಸಿದ ಸೈಕಲ್ಲಿನ ಪೆಡಲನ್ನು ಪಕ್ಕದಲ್ಲಿದ್ದ ಪುಟ್ಟ ತಂಗಿ ಆಟಕ್ಕೆ ತಿರುಗಿಸಿದರೂ ಚೈನು ಹಲ್ಲಿನೊಳಗೆ ಬೆರಳನ್ನು ಎಳೆದುಕೊಳ್ಳುತ್ತದೆ. ಆ ಮೂಲೆಯಿಂದ ಚಿಕ್ಕ ಮಕ್ಕಳನ್ನು ದೂರವಿಡಿ.

ಗೇರ್ ಒಂದೇ, ಅದೂ ಹಗುರವಿರಬೇಕು. ಮುಂದೆ 48 ಹಲ್ಲು, ಹಿಂದೆ 16 ಎಂದರೆ ಪೆಡಲಿನ ಒಂದು ಸುತ್ತಿಗೆ ಚಕ್ರ 3 ಸುತ್ತು. ಸುತ್ತಳತೆ 2.1 ಮೀಟರ್ ಇರುವ ಚಕ್ರವಾದರೆ 6.3 ಮೀಟರ್ ಮುಂದೆ ಹೋಗುತ್ತದೆ. ಸಣ್ಣ ಮಕ್ಕಳಿಗೆ ಇದು ಭಾರ. ಇನ್ನೂ ಕಡಿಮೆ ದೂರ ಹೋಗುವ ಗೇರ್ ಕೇಳಿ ಪಡೆಯಿರಿ. ಭಾರದ ಗೇರಿನಲ್ಲಿ ಹೊರಡಲೂ ಕಷ್ಟ, ವೇಗ ಇಳಿಸಲೂ ಕಷ್ಟ.

ನಿಲ್ಲುವುದನ್ನು ಹೊರಡುವ ಮೊದಲೇ ಹೇಳಿಕೊಡಬೇಕು. ತುಳಿಯುವ ಒತ್ತಡ ಕಮ್ಮಿ ಮಾಡುತ್ತಾ, ಕಾಲನ್ನು ಪೆಡಲ್ ಜೊತೆ ಸುಮ್ಮನೆ ತಿರುಗಲು ಬಿಡಬೇಕು. ಟ್ರ್ಯಾಕಿನ ಒಂದೆರಡು ಸುತ್ತಿನಲ್ಲಿ ವೇಗ ತಾನಾಗಿ ಇಳಿಯುತ್ತದೆ. ನಡಿಗೆಯ ವೇಗಕ್ಕೆ ಬಂದ ಮೇಲೆ ಕೋಚ್ ತೋರಿಸಿದ ಕಡೆ ಕಂಬಿ ಹಿಡಿದು ನಿಂತರಾಯಿತು.

ದೊಡ್ಡವರಿಗೂ ತರಗತಿ ಇರುತ್ತದೆ, ಹತ್ತಿ ನೋಡಿ. ಮಕ್ಕಳು ಬೇಗ ಒಗ್ಗಿಕೊಳ್ಳುತ್ತಾರೆ. ಮೂವತ್ತು ವರ್ಷ ಇಳಿಜಾರಿನಲ್ಲಿ ಕಾಲು ನಿಲ್ಲಿಸಿ ಹಾಯಾಗಿ ಹೋದ ಅಪ್ಪಂದಿರೇ ಮೊದಲ ತಿರುವಿನಲ್ಲಿ ಪೆಡಲಿನಿಂದ ಒದೆ ತಿನ್ನುವುದು. ಆಗ ಕಂಬಿಯ ಪಕ್ಕ ನಿಂತು ‘ತುಳೀತಾ ಇರಪ್ಪಾ’ ಎಂದು ಕೂಗುವ ಸರದಿ ಮಗುವಿನದು.