ಮಸಾಯಿ ಮಾರಾದಲ್ಲಿ ಬಲೂನ್: ಯಾವ ದಿನ ಹತ್ತುತ್ತೀರಿ ಅನ್ನೋದೇ ಮುಖ್ಯ

ಕೀನ್ಯಾದ ಮಸಾಯಿ ಮಾರಾ ಅಭಯಾರಣ್ಯಕ್ಕೆ ಹೋಗುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಬಲೂನ್ ಸವಾರಿಯನ್ನು ಅಲ್ಲಿಂದ ವಾಪಸ್ ಹೊರಡುವ ದಿನದ ಬೆಳಿಗ್ಗೆಗೆ ಇಟ್ಟುಕೊಳ್ಳಬೇಡಿ. ನಮ್ಮ ನೈರೋಬಿ ಏಜೆಂಟ್ ತಲೆಗೆ 480 ಡಾಲರ್, ಎಲ್ಲಾ ಸೇರಿ ಅಂತ ಹೇಳಿ ಕೊನೆಯ ದಿನಕ್ಕೇ ಬುಕ್ ಮಾಡಿದ್ದ. ಹಿಂದಿನ ರಾತ್ರಿ ಊಟಕ್ಕೆ ಕೂತಾಗ ಕ್ಯಾಂಪಿನವರು ಇನ್ನೊಂದು ಬಿಲ್ ತಂದಿಟ್ಟರು. ಮರುದಿನದ ಕಾಡಿನ ಪ್ರವೇಶ ಶುಲ್ಕ ತಲೆಗೆ 100 ಡಾಲರ್. ಕ್ಯಾಂಪಿನಿಂದ ಬಲೂನ್ ಏರುವ ಜಾಗಕ್ಕೆ ಜೀಪಿಗೆ ತಲೆಗೆ 40 ಡಾಲರ್. ನಮ್ಮ ದುಡ್ಡಲ್ಲಿ ಒಬ್ಬೊಬ್ಬರಿಗೆ 12 ಸಾವಿರ ರೂಪಾಯಿ ಹತ್ತಿರ ಜಾಸ್ತಿ! ಏಜೆಂಟಿಗೆ ಫೋನ್ ಮಾಡಿದರೆ ಎತ್ತಲಿಲ್ಲ. ಕಟ್ಟದಿದ್ದರೆ ಬೆಳಿಗ್ಗೆ ಜೀಪು ಬರೋದಿಲ್ಲ ಅಂದರು. ಕಟ್ಟಿದೆವು.

ಅಲ್ಲಿನ ಪ್ರವೇಶ ಟಿಕೆಟ್ ಬೆಳಿಗ್ಗೆ 6ರಿಂದ ಸಂಜೆ 6ರವರೆಗೆ ಮಾತ್ರ ನಡೆಯುತ್ತದೆ. 2024ರಿಂದ ವಿದೇಶಿ ಪ್ರವಾಸಿಗರಿಗೆ ಜನವರಿಯಿಂದ ಜೂನ್‌ವರೆಗೆ ದಿನಕ್ಕೆ 100 ಡಾಲರ್, ಜುಲೈಯಿಂದ ಡಿಸೆಂಬರ್‌ವರೆಗೆ 200. ಗಂಡ ಹೆಂಡತಿ ಆಗಸ್ಟ್‌ನಲ್ಲಿ ಹೋದರೆ ಒಂದು ದಿನಕ್ಕೆ ಪ್ರವೇಶಕ್ಕೇ 400 ಡಾಲರ್ ಆಯಿತಲ್ವಾ? ಹೊರಡುವ ದಿನ ಬಲೂನ್ ಹತ್ತಿದರೆ ಒಂದು ಗಂಟೆ ಹಾರೋದಕ್ಕೆ ಇಡೀ ದಿನದ ಟಿಕೆಟ್ ದಂಡ. ಕಾಡಿನಲ್ಲಿ ಪೂರ್ತಿ ಇರುವ ಮೊದಲ ದಿನವೇ ಹತ್ತಿದರೆ ಅದೇ ಟಿಕೆಟ್‌ನಲ್ಲಿ ಸಂಜೆವರೆಗೂ ಸಫಾರಿ ಮಾಡಬಹುದು. ಗಾಳಿ, ಮಳೆ ಅಂತ ಹಾರಾಟ ರದ್ದಾದರೆ ಮರುದಿನ ಇದ್ದೇ ಇರುತ್ತದೆ. ದುಡ್ಡು ಕೊಡುವ ಮುಂಚೆ ಸವಾರಿ, ಪ್ರವೇಶ, ಜೀಪು, ಮೂರರ ರೇಟನ್ನೂ ಬೇರೆ ಬೇರೆಯಾಗಿ ಬರೆಸಿಕೊಳ್ಳಿ. ಬಲೂನ್ ಮಾರಾ ನದಿಯ ಯಾವ ಕಡೆಯಿಂದ ಏರುತ್ತದೆ ಅಂತಲೂ ಕೇಳಿ. ನಿಮ್ಮ ಕ್ಯಾಂಪ್ ಆ ದಡದಲ್ಲಿ, ಬಲೂನ್ ಈ ದಡದಲ್ಲಿ ಅಂದರೆ ಸೇತುವೆ ಸುತ್ತಿಕೊಂಡು ಹೋಗೋಕೆ ನಡುರಾತ್ರಿಯಲ್ಲೇ ಏಳಬೇಕಾಗುತ್ತದೆ.

ಬಲೂನ್ ಮಾತ್ರ ಕೊಟ್ಟ ದುಡ್ಡಿಗೆ ಮೋಸವಿಲ್ಲ. ಕತ್ತಲಲ್ಲಿ ದೊಡ್ಡ ಫ್ಯಾನ್ ಇಟ್ಟು ಮೊದಲು ತಣ್ಣನೆಯ ಗಾಳಿ ತುಂಬುತ್ತಾರೆ. ನಮ್ಮ ಬುಟ್ಟಿ ನೆಲದ ಮೇಲೆ ಅಡ್ಡ ಮಲಗಿತ್ತು. ಅದರೊಳಗೆ ನುಸುಳಿ, ಬೆನ್ನ ಮೇಲೆ ಮಲಗಿ, ಮಂಡಿ ಮಡಚಿ, ಹಗ್ಗದ ಹಿಡಿ ಹಿಡಿದುಕೊಂಡಿರಬೇಕು. ಬರ್ನರ್ ಹಚ್ಚಿದ ಕೂಡಲೇ ಬಲೂನ್ ಮೇಲೆದ್ದು ಬುಟ್ಟಿಯೂ ನೆಟ್ಟಗಾಗುತ್ತದೆ. ಇಳಿಯುವಾಗಲೂ ಮಂಡಿ ಬಗ್ಗಿಸಿ ಕುಕ್ಕರಗಾಲಲ್ಲಿ ಕೂರಬೇಕು. ಬುಟ್ಟಿ ಎರಡು ಸಲ ನೆಲಕ್ಕೆ ತಗುಲಿ, ಸ್ವಲ್ಪ ದೂರ ಎಳೆದುಕೊಂಡು ಹೋಗಿ ನಿಂತಿತು. ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರು ಇದನ್ನು ಯೋಚನೆ ಮಾಡಿ. ಮಂಡಿನೋವು, ಬೆನ್ನುನೋವು ಇದ್ದವರಿಗೆ ಬೇಡವೇ ಬೇಡ. ಸೀರೆಯೂ ಆಗೋದಿಲ್ಲ.

ಸಿಂಹ ನೋಡೋದಕ್ಕೆ ಅಂತ ಬಲೂನ್ ಹತ್ತಬೇಡಿ, ಅದಕ್ಕೆ ಜೀಪೇ ಸರಿ. ಬಲೂನನ್ನು ಬೇಕಾದ ಕಡೆ ತಿರುಗಿಸೋಕೆ ಬರೋದಿಲ್ಲ. ಒಂದೊಂದು ಎತ್ತರದಲ್ಲಿ ಗಾಳಿ ಒಂದೊಂದು ಕಡೆ ಬೀಸುತ್ತದೆ. ಪೈಲಟ್ ಮೇಲೆ ಕೆಳಗೆ ಮಾಡಿ ಬೇಕಾದ ಗಾಳಿ ಹಿಡಿಯುತ್ತಾನೆ, ಅಷ್ಟೇ. ಆದರೆ ಮೇಲಿನಿಂದ ಕಾಣೋದು ಜೀಪಿನಿಂದ ಕಾಣೋದಿಲ್ಲ. ನೀರಾನೆಗಳು ರಾತ್ರಿಯೆಲ್ಲ ಮೇಯ್ದು ನದಿಗೆ ಮರಳುವ ದಾರಿಗಳು ಎತ್ತರದ ಹುಲ್ಲಿನಲ್ಲಿ ಬೈತಲೆ ತೆಗೆದ ಹಾಗೆ ಇದ್ದವು. ಒಂದು ಆನೆ ಹಿಂಡಿನ ಮೇಲೇ ಹಾದು ಹೋದೆವು. ಒಣಗಿದ ಕೆಸರು ಅವುಗಳ ಬೆನ್ನ ಮೇಲೆ ಬಿರುಕು ಬಿಟ್ಟಿದ್ದೂ ಕಾಣುತ್ತಿತ್ತು. ಮಾರಾದಲ್ಲಿ 1976ರಲ್ಲಿ ಕೀಕೊರೊಕ್ ಲಾಡ್ಜ್ ಬಳಿ ಬಲೂನ್ ಸಫಾರಿ ಶುರು ಮಾಡಿದವರು ಅಲನ್ ರೂಟ್, ಕಾಡುಪ್ರಾಣಿಗಳ ಸಿನಿಮಾ ತೆಗೆಯುತ್ತಿದ್ದವರು. ಅವರಿಗೆ ಬಲೂನೇ ಯಾಕೆ ಬೇಕಿತ್ತು ಅಂತ ಆ ಹಿಂಡಿನ ಮೇಲೆ ಹೋಗುವಾಗ ಅರ್ಥವಾಯಿತು.

ಮಾರಾ ಸಮುದ್ರಮಟ್ಟದಿಂದ ಸುಮಾರು 1,500 ಮೀಟರ್ ಎತ್ತರದಲ್ಲಿದೆ. ಬೆಳಗಿನ ಜಾವ ಸ್ವೆಟರ್ ಬೇಕೇ ಬೇಕು. ಬರ್ನರ್ ಉರಿಯುವಾಗ ನೆತ್ತಿ ಸುಡುತ್ತದೆ, ಹಾಗಾಗಿ ಟೋಪಿಯೂ ಇರಲಿ. ಟೀ ಕಡಿಮೆ ಕುಡಿಯಿರಿ, ಬುಟ್ಟಿಯಲ್ಲಿ ಟಾಯ್ಲೆಟ್ ಇರೋದಿಲ್ಲ. ಇಳಿದ ಮೇಲೆ ಹುಲ್ಲುಗಾವಲಿನಲ್ಲೇ ಷಾಂಪೇನ್ ಜೊತೆ ತಿಂಡಿ ಕೊಡುತ್ತಾರೆ. ಸಸ್ಯಾಹಾರಿಗಳು ಮೊದಲೇ ಹೇಳಿಡಿ. ಇಲ್ಲಾಂದರೆ ಹಣ್ಣು, ಬ್ರೆಡ್ಡಲ್ಲೇ ಹೊಟ್ಟೆ ತುಂಬಿಸಿಕೊಳ್ಳಬೇಕು.

ಊಟ ಅಂದಮೇಲೆ ನರೋಕ್ ಬಗ್ಗೆ ಹೇಳಲೇಬೇಕು. ನೈರೋಬಿಯಿಂದ ಮಾರಾಕ್ಕೆ ಹೋಗುವ ದಾರಿಯಲ್ಲಿ ಸಿಗುವ ಊರು ಅದು. ಟೂರಿಸ್ಟ್ ವ್ಯಾನ್‌ಗಳೆಲ್ಲ ಒಂದು ಬಫೆ ಹೋಟೆಲ್ ಮುಂದೆ ನಿಲ್ಲುತ್ತವೆ. ಅಲ್ಲಿ ತಲೆಗೆ 1,500 ಶಿಲ್ಲಿಂಗ್ ಕೊಟ್ಟು ತಣ್ಣಗಾದ ಅನ್ನ ತಿಂದೆವು. ವಾಪಸ್ ಬರುವಾಗ ಡ್ರೈವರ್‌ಗೆ "ನೀವು ತಿನ್ನೋ ಕಡೆಗೇ ಕರ್ಕೊಂಡ್ ಹೋಗಿ" ಅಂದೆ. ಪೆಟ್ರೋಲ್ ಬಂಕ್ ಹಿಂದೆ ತಗಡಿನ ಸೂರಿನ ಹೋಟೆಲ್, ನಾಲ್ಕೇ ಮೇಜು. ಒಬ್ಬ ಹೆಂಗಸು ಬಾಗಿಲಲ್ಲೇ ಇದ್ದಿಲ ಒಲೆ ಮೇಲೆ ಚಪಾತಿ ಬೇಯಿಸುತ್ತಿದ್ದರು. ಮೈದಾದ್ದು, ದಪ್ಪ, ಪದರ ಪದರ, ಎಣ್ಣೆ ಧಾರಾಳ. ಅದಕ್ಕೆ ಎನ್‌ಡೆಂಗು, ಅಂದರೆ ಈರುಳ್ಳಿ ಟೊಮೇಟೊ ಹಾಕಿ ಗಟ್ಟಿಯಾಗಿ ಬೇಯಿಸಿದ ಇಡೀ ಹೆಸರುಕಾಳು. ಪಕ್ಕಕ್ಕೆ ಸುಕುಮಾ ವಿಕಿ, ಸಣ್ಣಗೆ ಹೆಚ್ಚಿದ ಸೊಪ್ಪಿನ ಪಲ್ಯ. ಖಾರ ಇರಲಿಲ್ಲ. ನಮ್ಮ ಚಟ್ನಿಪುಡಿ ತೆಗೆದಾಗ ಆಕೆಯೂ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು, ಇನ್ನೊಂದು ಚಿಟಿಕೆಗೆ ಕೈ ಚಾಚಿದರು. ಹಾಲು, ಟೀಪುಡಿ ಒಟ್ಟಿಗೆ ಕುದಿಸಿದ ಚಹಾ ಎರಡೆರಡು ಲೋಟ ಕುಡಿದೆವು. ಇಬ್ಬರಿಗೂ ಸೇರಿ 500 ಶಿಲ್ಲಿಂಗ್ ಒಳಗೆ, ನಮ್ಮ 300 ರೂಪಾಯಿ ಚಿಲ್ಲರೆ. ಇಡೀ ಪ್ರವಾಸದಲ್ಲಿ ನನಗೆ ತೃಪ್ತಿಯಾದ ಊಟ ಅದೊಂದೇ.

ಯಾವಾಗ ಹೋಗೋದು? ಎಲ್ಲರೂ ಜುಲೈಯಿಂದ ಅಕ್ಟೋಬರ್ ಅನ್ನುತ್ತಾರೆ, ಪಕ್ಕದ ಟಾಂಜಾನಿಯಾದ ಸೆರೆಂಗೆಟಿ ಹುಲ್ಲುಗಾವಲಿನಿಂದ ವೈಲ್ಡ್‌ಬೀಸ್ಟ್ (ದನದಂತೆ ಕಾಣುವ ದೊಡ್ಡ ಹುಲ್ಲೆ) ಹಿಂಡುಗಳು ಬರುವ ಕಾಲ ಅದು. ನನಗೆ ಜನಜಂಗುಳಿ ಆಗೋದಿಲ್ಲ. ಒಂದು ಚಿರತೆ ಸುತ್ತ ಸಾಲಾಗಿ ಜೀಪು ನಿಲ್ಲೋದು ನೋಡೋಕೆ ಅಷ್ಟು ದೂರ ಹೋಗಬೇಕಾ? ಜೂನ್‌ನಲ್ಲಿ ಹುಲ್ಲು ಎತ್ತರ, ಹಿಂಡು ಕಡಿಮೆ, ಆದರೆ ನೆಮ್ಮದಿ ಇತ್ತು. ಪ್ರವೇಶ ಶುಲ್ಕವೂ ಅರ್ಧ.

ಚಟ್ನಿಪುಡಿ, ಅವಲಕ್ಕಿ ಒಯ್ಯುವವರು ಡಬ್ಬಿಯಲ್ಲೇ ಹಾಕಿಕೊಳ್ಳಿ. ಕೀನ್ಯಾದಲ್ಲಿ 2017ರಿಂದ ಪ್ಲಾಸ್ಟಿಕ್ ಕವರ್ ನಿಷೇಧವಿದೆ. ಹಳದಿ ಜ್ವರದ ಲಸಿಕೆಯನ್ನು ಹೊರಡೋಕೆ ಕನಿಷ್ಠ 10 ದಿನ ಮುಂಚೆ ಹಾಕಿಸಿಕೊಂಡು ಆ ಕಾರ್ಡನ್ನು ಪಾಸ್‌ಪೋರ್ಟ್ ಜೊತೆಗೇ ಇಟ್ಟುಕೊಳ್ಳಿ. ಅದಿಲ್ಲದೆ ವಾಪಸ್ ಬಂದರೆ ಭಾರತದಲ್ಲಿ ಇಳಿದ ಕೂಡಲೇ ಕ್ವಾರಂಟೈನ್‌ಗೆ ಹಾಕಬಹುದು.