ಹನ್ನೆರಡು ಮಂದಿ, ಒಂದು ಸರ್ವರ್: ಮೂರನೇ ವಾರ

ನನ್ನ ಹನ್ನೆರಡು ವಿದ್ಯಾರ್ಥಿಗಳು ಹಂಚಿಕೊಂಡು ಬಳಸುವ ಬಾಡಿಗೆ ಸರ್ವರ್ ಮಂಗಳವಾರ ಸಂಜೆ ಮಲಗಿತು. ಪೈಥಾನ್ ಕಲಿಯುತ್ತಿರುವ ಹುಡುಗನೊಬ್ಬ ಲಿಸ್ಟ್‌ಗೆ ಅಂಕಿ ಸೇರಿಸುತ್ತ ಹೋಗುವ ಲೂಪ್ ಬರೆದು, ನಿಲ್ಲಿಸುವ ಷರತ್ತನ್ನು ಮರೆತಿದ್ದ. 8 ಜಿಬಿ ಮೆಮೊರಿ ಆ ಒಂದು ಲಿಸ್ಟಿನ ಹೊಟ್ಟೆ ಸೇರಿತು, ಆಮೇಲೆ ಸ್ವಾಪ್ (ಮೆಮೊರಿ ಸಾಲದಾಗ ಬಳಸುವ ಡಿಸ್ಕಿನ ಜಾಗ) ಕೂಡ. ಉಳಿದ ಹನ್ನೊಂದು ಮಂದಿಯ ಟರ್ಮಿನಲ್ ಅಲ್ಲಾಡಲಿಲ್ಲ. ನಾನೇ ಲಾಗಿನ್ ಆಗಲಾರದೆ, ಸರ್ವರ್ ಬಾಡಿಗೆಗೆ ಕೊಟ್ಟವರ ನಿಯಂತ್ರಣ ಪುಟದಿಂದ ರೀಬೂಟ್ ಮಾಡಬೇಕಾಯಿತು. ಹುಡುಗ ಕ್ಷಮೆ ಕೇಳಿದ. ಕಲಿಯುವವರಲ್ಲದೆ ಇನ್ನಾರು ಕೊನೆಯಿಲ್ಲದ ಲೂಪ್ ಬರೆಯಬೇಕು? ಮಿತಿ ಹಾಕದೆ ಬಿಟ್ಟವನು ನಾನು.

ಹಿಂದಿನ ಎರಡು ವಾರ ಸಲೀಸಾಗಿದ್ದವು. ಡೆಬಿಯನ್ ಲಿನಕ್ಸ್, ತಲೆಗೊಂದು ಖಾತೆ, ಪಾಸ್‌ವರ್ಡ್ ಬಂದ್, ದೂರದಿಂದ ಲಾಗಿನ್ ಆಗಲು ಎಸ್‌ಎಸ್‌ಎಚ್ ಕೀಲಿ ಮಾತ್ರ. ಈ ಕೀಲಿ ಜೋಡಿಯಾಗಿರುತ್ತದೆ: ಸಾರ್ವಜನಿಕವಾದದ್ದು ಸರ್ವರ್‌ಗೆ, ಖಾಸಗಿಯಾದದ್ದು ಯಾರಿಗೂ ಕೊಡಬಾರದ್ದು. ಸಾರ್ವಜನಿಕ ಕೀಲಿ ಕಳುಹಿಸಿ ಎಂದರೆ ಮೂವರು ಖಾಸಗಿ ಕೀಲಿಯನ್ನೇ ಕಳುಹಿಸಿದ್ದರು. ವಿಂಡೋಸ್ ಪರಿಚಿತ ಫೈಲುಗಳ ಹೆಸರಿನ ಬಾಲವನ್ನು (ಎಕ್ಸ್‌ಟೆನ್ಷನ್) ಮುಚ್ಚಿಡುತ್ತದೆ, ಸಾರ್ವಜನಿಕ ಕೀಲಿಯ ಬಾಲವಾದ ‘.ಪಬ್’ ಮೈಕ್ರೋಸಾಫ್ಟ್ ಪಬ್ಲಿಷರ್ ತಂತ್ರಾಂಶದ ಬಾಲವೂ ಹೌದು. ಹಾಗಾಗಿ ಆ ತಂತ್ರಾಂಶ ಇರುವ ಕಂಪ್ಯೂಟರ್‌ನಲ್ಲಿ ಎರಡು ಕೀಲಿಗಳಿಗೂ ಒಂದೇ ಹೆಸರು ಕಾಣುತ್ತದೆ. ಮೂವರಿಗೂ ಹೊಸ ಜೋಡಿ ಮಾಡಿಸಿದೆ.

ಬುಧವಾರ ಮಿತಿ ಹಾಕಲು ಕುಳಿತೆ. ಲಿನಕ್ಸ್‌ನ ಸೇವೆಗಳನ್ನು ನಡೆಸುವ ಸಿಸ್ಟಮ್‌ಡಿ ಪ್ರತಿ ಬಳಕೆದಾರನ ಪ್ರಕ್ರಿಯೆಗಳನ್ನೂ (ಓಡುತ್ತಿರುವ ಪ್ರೋಗ್ರಾಂಗಳನ್ನೂ) ಒಂದೊಂದು ಸ್ಲೈಸ್‌ನಲ್ಲಿ, ಅಂದರೆ ಗುಂಪಿನಲ್ಲಿ, ಇಡುತ್ತದೆ. ಅದಕ್ಕೆ ಮೆಮೊರಿಯ ಗರಿಷ್ಠ ಮಿತಿಯಾದ ‘ಮೆಮೊರಿಮ್ಯಾಕ್ಸ್’ 1 ಜಿಬಿ ಎಂದು ಬರೆದರೆ ಮುಗಿಯಿತು ಎಂದುಕೊಂಡೆ. ಅರ್ಧ ಗಂಟೆಯೊಳಗೆ ದೂರುಗಳು ಶುರು: ಎಡಿಟರ್ ತೆರೆದ ಕೂಡಲೇ ಸಂಪರ್ಕ ಕಡಿಯುತ್ತಿದೆ, ಯಾವ ಪ್ರೋಗ್ರಾಂ ಓಡಿಸಿದರೂ ಸಾಯುತ್ತಿದೆ. ಕಾರಣ ಹುಡುಕಲು ರಾತ್ರಿಯಾಯಿತು. ನಾನು ಮಿತಿ ಬರೆದದ್ದು ‘ಯೂಸರ್.ಸ್ಲೈಸ್’ಗೆ, ಬರೆಯಬೇಕಿದ್ದದ್ದು ‘ಯೂಸರ್-.ಸ್ಲೈಸ್’ಗೆ. ಮೊದಲನೆಯದು ಎಲ್ಲ ಬಳಕೆದಾರರೂ ಸೇರಿದ ದೊಡ್ಡ ಮಡಕೆ. ಎರಡನೆಯದು, ಆ ಒಂಟಿ ಅಡ್ಡಗೆರೆಯ ದೆಸೆಯಿಂದ, ಪ್ರತಿಯೊಬ್ಬರ ಸ್ಲೈಸ್‌ಗೂ ಬೇರೆ ಬೇರೆಯಾಗಿ ಅನ್ವಯಿಸುತ್ತದೆ. ಅಂದರೆ ಹನ್ನೆರಡು ಮಂದಿಗೂ ಸೇರಿಸಿ ಒಂದೇ ಜಿಬಿ ಬಡಿಸಿದ್ದೆ.

ಗೆರೆ ಸೇರಿಸಿದ ಮೇಲೂ ಅದೇ ಲೂಪ್ ಓಡಿಸಿ ನೋಡಿದಾಗ ಸರ್ವರ್ ತೆವಳಿತು. ‘ಮೆಮೊರಿಮ್ಯಾಕ್ಸ್’ ಸ್ವಾಪನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಮಿತಿ ಮೀರಿದ್ದೆಲ್ಲ ಡಿಸ್ಕಿಗೆ ಹರಿಯುತ್ತಿತ್ತು. ‘ಮೆಮೊರಿಸ್ವಾಪ್‌ಮ್ಯಾಕ್ಸ್’ ಅನ್ನು 0 ಮಾಡಿದ ಮೇಲೆ ಲೂಪ್ ಕೆಲವೇ ಕ್ಷಣಗಳಲ್ಲಿ ಸತ್ತಿತು, ಪಕ್ಕದವರಿಗೆ ಸುದ್ದಿಯೇ ಮುಟ್ಟಲಿಲ್ಲ. ತನ್ನನ್ನೇ ನಕಲು ಮಾಡಿಕೊಳ್ಳುವ ಪ್ರೋಗ್ರಾಂ ಬರೆಯುವವರೂ ಬಂದೇ ಬರುತ್ತಾರೆ ಎಂದು ಏಕಕಾಲಕ್ಕೆ ಓಡುವ ಟಾಸ್ಕ್‌ಗಳ ಸಂಖ್ಯೆಯ ಮಿತಿಯಾದ ‘ಟಾಸ್ಕ್ಸ್‌ಮ್ಯಾಕ್ಸ್’ 300ಕ್ಕೆ ಇಟ್ಟಿದ್ದೇನೆ. ನನ್ನ ಖಾತೆಗೂ ಇದೇ ಮಿತಿ ತಗುಲುತ್ತದೆಂದು ಗೊತ್ತಾಗಿ, ಅದಕ್ಕೆ ಬೇರೆ ಫೈಲ್ ಬರೆದೆ.

ಶುಕ್ರವಾರ ಆ ಹುಡುಗ ಬೇಕೆಂದೇ ತನ್ನ ಲೂಪ್ ಮತ್ತೆ ಓಡಿಸಿದ. ತೆರೆಯ ಮೇಲೆ ‘ಕಿಲ್ಡ್’ ಎಂಬ ಒಂದೇ ಪದ. “ಸರ್, ಯಾರು ಕೊಂದರು?” ಎಂದು ಕೇಳಿದ. ಮಿತಿ ಮೀರಿದ್ದನ್ನು ಕೊಲ್ಲುವ, ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್ ಬಗ್ಗೆ ನಾನು ಸಿದ್ಧಪಡಿಸಿದ್ದ ಪಾಠಕ್ಕಿಂತ ಒಳ್ಳೆಯ ಪೀಠಿಕೆ.

ಬಾಕಿ ಇರುವುದು ಪೋರ್ಟ್ (ಸರ್ವರ್‌ನಲ್ಲಿ ಪ್ರೋಗ್ರಾಂ ಸಂಪರ್ಕಕ್ಕಾಗಿ ಹಿಡಿಯುವ ಬಾಗಿಲು ಸಂಖ್ಯೆ) ಜಗಳ. ಪೈಥಾನ್‌ನಲ್ಲಿ ವೆಬ್ ಪುಟ ಕಟ್ಟುವ ಫ್ಲಾಸ್ಕ್ ಕಲಿಯುವ ಎಲ್ಲರೂ ಅದರ ಪೂರ್ವನಿಗದಿತ ಪೋರ್ಟ್ 5000ಕ್ಕೇ ಮುಗಿಬೀಳುತ್ತಾರೆ. ಮೊದಲು ಬಂದವರಿಗೆ ಅದು ದಕ್ಕುತ್ತದೆ. ನಿನ್ನೆ ಒಬ್ಬಳು ತನ್ನ ಪುಟ ತೆರೆದರೆ ಗೆಳತಿಯ ಪುಟ ಕಂಡಿತಂತೆ. ಸದ್ಯಕ್ಕೆ 5000ಕ್ಕೆ ಹಾಜರಿ ಸಂಖ್ಯೆ ಕೂಡಿಸಿಕೊಳ್ಳಿ ಎಂದಿದ್ದೇನೆ.