ನೆಗ್ಗಿನಮುಳ್ಳು ಪ್ರಾಜೆಕ್ಟ್, ಮೂರನೇ ವಾರ: ನೀರಿನ ಬಾಟಲಿ ಮಾಡಿದ ಕಿತಾಪತಿ

ಈ ವಾರ ಒಂದು ಇಲಿಗೂ ನೆಗ್ಗಿನಮುಳ್ಳಿನ ಕಷಾಯ ಕುಡಿಸಿಲ್ಲ. ಆದರೂ ಕೆಲಸ ಮುಂದೆ ಹೋಗಿದೆ.

ಉರಿಮೂತ್ರಕ್ಕೆ ಇದು ಹಳೇ ಮದ್ದು. ಚರಕಸಂಹಿತೆ ಮೂತ್ರ ಹೆಚ್ಚು ಹೋಗಲೆಂದು ಹೇಳುವ ಹತ್ತು ಗಿಡಗಳಲ್ಲಿ ಇದೂ ಒಂದು. ನನ್ನ ಎಂ.ಫಾರ್ಮ್ ಪ್ರಾಜೆಕ್ಟಿನ ಪ್ರಶ್ನೆ ಬೇರೆ. ಮೂತ್ರ ಜಾಸ್ತಿ ಆಗುವುದು ನಿಜವೇ ಆದರೆ, ಅದನ್ನು ಮಾಡುವುದು ಕಾಯಿಯೊಳಗಿನ ಯಾವುದು?

ಒಣಗಿದ ಕಾಯಿ ಐದು ಹೋಳಾಗುತ್ತದೆ. ಒಂದೊಂದು ಹೋಳಿಗೂ ಎರಡು ದೊಡ್ಡ ಮುಳ್ಳು, ಎರಡು ಚಿಕ್ಕವು. ಗ್ಲೌಸ್ ಹಾಕಿಕೊಂಡೂ ಚುಚ್ಚಿಸಿಕೊಂಡೆ. ಪುಡಿ ಕುದಿಸಿ, ಸೋಸಿ, ಇಂಗಿಸಿದ ಮೇಲೆ ಉಳಿದದ್ದು ಜೋನಿಬೆಲ್ಲದಂಥ ಕಂದು ಅಂಟು. ಡೆಸಿಕೇಟರ್‌ನಿಂದ (ತೇವ ತಾಗದಂತೆ ಇಡುವ ಮುಚ್ಚಿದ ಗಾಜಿನ ಪಾತ್ರೆ) ಹೊರಗಿಟ್ಟರೆ ಬೆವರಲು ಶುರು.

ಮದ್ದು ಮೂತ್ರ ಹೆಚ್ಚಿಸುತ್ತದಾ ಅಂತ ನೋಡುವ ವಿಧಾನ 1943ರದು, ಲಿಪ್‌ಶಿಟ್ಜ್ ಎಂಬ ವಿಜ್ಞಾನಿಯದು. ರಾತ್ರಿಯಿಡೀ ಉಪವಾಸವಿದ್ದ ಇಲಿಗೆ ಕಿಲೋ ತೂಕಕ್ಕೆ 25 ಮಿಲಿ ಸಲೈನ್, ಅಂದರೆ 200 ಗ್ರಾಂ ಇಲಿಗೆ 5 ಮಿಲಿ. ಆಮೇಲೆ ಮೆಟಬಾಲಿಕ್ ಪಂಜರದಲ್ಲಿಟ್ಟು (ಇದರಲ್ಲಿ ಮೂತ್ರ ಕೆಳಗಿನ ಫನಲ್ ಮೂಲಕ ಅಳತೆಯ ಸಿಲಿಂಡರಿಗೆ ಇಳಿಯುತ್ತದೆ) 5 ಗಂಟೆಯ ಮೂತ್ರ ಅಳೆಯುವುದು. ಸೋಮವಾರ ಬರೀ ಪೈಲಟ್, ಅಂದರೆ ಪೂರ್ವಪರೀಕ್ಷೆ: ಮೂರು ಇಲಿಗೆ ಸುಮ್ನೆ ಸಲೈನ್, ಮೂರಕ್ಕೆ ಜೊತೆಗೆ ಕಿಲೋಗೆ 20 ಮಿಗ್ರಾಂ ಫ್ಯೂರೋಸೆಮೈಡ್, ಮೂತ್ರ ಹೆಚ್ಚಿಸುವ ಹೆಸರಾಂತ ಔಷಧಿ. ಗೊತ್ತಿರುವ ಮದ್ದೇ ನಮ್ಮ ಪಂಜರದಲ್ಲಿ ಕಾಣದಿದ್ದರೆ, ಗೊತ್ತಿಲ್ಲದ್ದು ಕಾಣುತ್ತದಾ?

ಕಾಣಲಿಲ್ಲ! ಎರಡೂ ಗುಂಪು ಹೆಚ್ಚುಕಮ್ಮಿ ಸಮ. ಅದರಲ್ಲೂ ಬರೀ ಸಲೈನ್ ಕುಡಿದ ಒಂದು ಇಲಿಯ ಸಿಲಿಂಡರ್ ತುಂಬಾ ಮೂತ್ರ, ಬಣ್ಣವೇ ಇಲ್ಲ. ಬಗ್ಗಿ ನೋಡಿದೆ. ಬಾಟಲಿಯ ಮೂತಿಯಿಂದ ಒಂದು ಹನಿ ಇಳಿದು, ಫನಲ್‌ನ ಗೋಡೆ ಹಿಡಿದು, ಸೀದಾ ಸಿಲಿಂಡರಿಗೆ ಬಿತ್ತು. ಆ 5 ಗಂಟೆ ನೀರಿಡಬಾರದು ಅಂತ ನನ್ನ ಪ್ರೋಟೊಕಾಲ್‌ನಲ್ಲೇ ಇದೆ. ಉಪವಾಸ ಇವೆಯಲ್ಲಾ ಪಾಪ ಅಂತ ನಾನೇ ಸಿಕ್ಕಿಸಿದ್ದೆ.

ಶುಕ್ರವಾರ ಅವೇ ಇಲಿ, ಬಾಟಲಿ ಇಲ್ಲ. ಈ ಸಲ ಫ್ಯೂರೋಸೆಮೈಡ್ ಸಾಲು ಎದ್ದು ಕಂಡಿತು. ಒಂದು ಇಲಿ ಮಾತ್ರ ಪಂಜರಕ್ಕೆ ಹಾಕುವ ಮುಂಚೆಯೇ ನನ್ನ ಏಪ್ರನ್ ಮೇಲೆ ಹೊಯ್ದುಬಿಟ್ಟಿತು. ಆ ಲೆಕ್ಕ ಬಿಟ್ಟಿದ್ದೇನೆ.

ಮಧ್ಯೆ ಒಂದು ದಿನ ಫ್ಲೇಮ್ ಫೋಟೋಮೀಟರ್ (ದ್ರಾವಣದಲ್ಲಿರುವ ಸೋಡಿಯಂ, ಪೊಟ್ಯಾಸಿಯಂ ಅಳೆಯುವ ಯಂತ್ರ) ಖಾಲಿ ಸಿಕ್ಕಿತು. ಮೂತ್ರದ ಬದಲು ಕಷಾಯದ ಅಂಟನ್ನೇ ಕರಗಿಸಿ ಹಾಕಿದೆ. ಪೊಟ್ಯಾಸಿಯಂ ರೀಡಿಂಗ್ ಸ್ಕೇಲ್ ದಾಟಿ ಹೋಯಿತು, ಮತ್ತೆ ಮತ್ತೆ ತೆಳು ಮಾಡಬೇಕಾಯಿತು. ನೆಗ್ಗಿನಮುಳ್ಳಿನಲ್ಲಿ ಪೊಟ್ಯಾಸಿಯಂ ಉಪ್ಪು ಜಾಸ್ತಿ ಅಂತ ಓದಿದ್ದೆ. ಇಷ್ಟು ಅಂದುಕೊಂಡಿರಲಿಲ್ಲ. ಪೊಟ್ಯಾಸಿಯಂ ಉಪ್ಪು ತಾನಾಗಿಯೇ ಮೂತ್ರ ಹೆಚ್ಚಿಸಬಲ್ಲದು. ಮುಂದೆ ಕಷಾಯ ಕುಡಿದ ಇಲಿಯ ಮೂತ್ರದಲ್ಲಿ ಪೊಟ್ಯಾಸಿಯಂ ಏರಿದರೆ, ಕಿಡ್ನಿ ಹೊರಹಾಕಿದ್ದೋ, ನಾನೇ ಕುಡಿಸಿದ್ದು ವಾಪಸ್ ಬಂತೋ, ಹೇಗೆ ಹೇಳಲಿ?

ಅದಕ್ಕೇ ಇನ್ನೊಂದು ಗುಂಪು ಬೇಕು: ಕಷಾಯದಲ್ಲಿರುವಷ್ಟೇ ಪೊಟ್ಯಾಸಿಯಂ, ಬರೀ ಪೊಟ್ಯಾಸಿಯಂ ಕ್ಲೋರೈಡ್ ರೂಪದಲ್ಲಿ. ಗೈಡ್ ಮೊದಲು ಮುಖ ಸಿಂಡರಿಸಿದರು, ಆಮೇಲೆ ಒಪ್ಪಿದರು. ಪ್ರಾಣಿ ನೀತಿ ಸಮಿತಿ ಪೈಲಟ್ ಸೇರಿ 30 ಇಲಿಗೆ ಒಪ್ಪಿಗೆ ಕೊಟ್ಟಿತ್ತು. ಈಗ 36 ಅಂತ ತಿದ್ದಿ ಮತ್ತೆ ಅರ್ಜಿ ಹಾಕಿದ್ದೇನೆ. ಅಲ್ಲಿಯವರೆಗೆ ಅಂಟು ಡೆಸಿಕೇಟರ್‌ನಲ್ಲೇ ಇರುತ್ತದೆ.